ನೀರಿನ ತಾಯಿ, ನೂಲಿನ ತಾಯಿ

(ಸದಾಶಿವಗಡದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಇಂದಿನ ಮಾತಿಗೆ ನಾನು ಆರಿಸಿಕೊಂಡ ವಿಷಯ ನೀರಿನ ದೈವ ಮತ್ತು ನೇಯ್ಗೆ. ಆಮಂತ್ರಣ ಪತ್ರಿಕೆಯಲ್ಲಿ ಮಾಯಾ ಜನರ ಹೆಸರು ಕಂಡು ಕೆಲವರು ಹುಬ್ಬೇರಿಸಿದರಂತೆ. ಕಾಳಿ ನದಿಯ ಅಳಿವೆಯಲ್ಲಿ ಕುಳಿತು ಮೆಕ್ಸಿಕೋ, ಗ್ವಾಟೆಮಾಲಾಗಳ ಮಾತೇಕೆ ಎಂಬುದು ನ್ಯಾಯವಾದ ಪ್ರಶ್ನೆಯೇ. ಆ ನಾಡಿನ ಹತ್ತಿಗೂ ಈ ಕರಾವಳಿಗೂ ಒಂದು ನಿಜವಾದ ನಂಟಿದೆ. ಅದನ್ನು ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ನನ್ನನ್ನು ಕಾಡಿದ ಪ್ರಶ್ನೆ ಇದು: ನೀರನ್ನು ಕಾಯುವ ದೈವವೂ ಮಗ್ಗವನ್ನು ಕಾಯುವ ದೈವವೂ, ಒಂದನ್ನೊಂದು ಕಾಣದ ಎರಡು ನಾಡುಗಳಲ್ಲಿ, ಇಷ್ಟು ಹತ್ತಿರ ಹತ್ತಿರ ಏಕೆ ನಿಂತಿವೆ? ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಬಟ್ಟೆಗೆ ನೀರಿನ ಋಣವಿದೆ ಎಂದು ಕೈಯಾರೆ ಕಂಡವರು ಕಟ್ಟಿಕೊಂಡ ನಂಬಿಕೆ ಇದು. ಇದರ ಬೇರು ಕಸುಬಿನಲ್ಲಿದೆ.

ಮಾಯಾ ನಾಡಿನ ನೀರು

ಯುಕಾತಾನ್ ಪರ್ಯಾಯ ದ್ವೀಪದ ಉತ್ತರ ಭಾಗದಲ್ಲಿ ನೆಲದ ಮೇಲೆ ಹರಿಯುವ ಹೊಳೆಗಳು ಇಲ್ಲವೆಂದೇ ಹೇಳಬೇಕು. ನೆಲವೆಲ್ಲ ಸುಣ್ಣಕಲ್ಲು, ಬಿದ್ದ ಮಳೆ ಒಳಗಿಳಿದು ಹೋಗುತ್ತದೆ. ನೆಲದಡಿಯ ಗುಹೆಗಳ ಚಾವಣಿ ಕುಸಿದ ಕಡೆ ಮಾತ್ರ ಆಳದಲ್ಲಿ ನೀರು ಕಾಣುತ್ತದೆ. ಆ ನೈಸರ್ಗಿಕ ಬಾವಿಗಳನ್ನು ಸೆನೋತೆ ಎನ್ನುತ್ತಾರೆ. ಕುಡಿಯುವ ನೀರು ಸಿಗುವುದೂ ಅಲ್ಲೇ, ಮಳೆಯ ದೈವ ಚಾಕ್ ಇರುವುದೂ ಅಲ್ಲೇ. ಚಿಚೆನ್ ಇತ್ಸಾದ ದೊಡ್ಡ ಸೆನೋತೆಯ ಹೂಳನ್ನು ಎಡ್ವರ್ಡ್ ಥಾಂಪ್ಸನ್ ಎಂಬ ಅಮೆರಿಕನ್ 1904ರಿಂದ ಎತ್ತಿಸಿದಾಗ ಹಸಿರು ಜೇಡ್ ಕಲ್ಲು, ಚಿನ್ನ, ಧೂಪದ ಉಂಡೆಗಳು, ಮನುಷ್ಯರ ಎಲುಬುಗಳು ಮೇಲೆ ಬಂದವು. ಅವುಗಳ ಜೊತೆ ಕರಕಲಾದ ಬಟ್ಟೆಯ ತುಣುಕುಗಳೂ ಇದ್ದವು. ಸೆಕೆ ಮತ್ತು ತೇವದ ಆ ನಾಡಿನಲ್ಲಿ ನೆಲದ ಮೇಲಿದ್ದ ಹಳೆಯ ಬಟ್ಟೆ ಬಹುಮಟ್ಟಿಗೆ ಕೊಳೆತು ಹೋಯಿತು. ನೀರಿನ ದೈವಕ್ಕೆ ಕೊಟ್ಟದ್ದರಲ್ಲಿ ಒಂದಿಷ್ಟು ಕೆಸರಿನಲ್ಲಿ ಉಳಿಯಿತು. ಮಾಯಾ ನೇಯ್ಗೆಯ ಹಳೆಯ ಸಾಕ್ಷಿಗಳಲ್ಲಿ ಒಂದು ಹೀಗೆ ಹರಕೆಯ ರೂಪದಲ್ಲಿ ದೊರೆತದ್ದು.

ಅವರ ಹೆಣ್ಣು ದೈವಗಳಲ್ಲಿ ಇಶ್‌ಚೆಲ್ ಮುಖ್ಯಳು. ಹೆರಿಗೆ, ಮದ್ದು, ನೇಯ್ಗೆ ಮೂರೂ ಅವಳ ಕೈಯಲ್ಲಿ. ಸ್ಪ್ಯಾನಿಷರು ಬಂದ ಕಾಲದಲ್ಲಿ ಕೊಸುಮೆಲ್ ದ್ವೀಪದ ಅವಳ ಗುಡಿಗೆ ಹೆಂಗಸರು ದೋಣಿಯಲ್ಲಿ ಯಾತ್ರೆ ಹೋಗುತ್ತಿದ್ದರು. ಜರ್ಮನಿಯ ಡ್ರೆಸ್ಡೆನ್ ಗ್ರಂಥಾಲಯದಲ್ಲಿರುವ ಮಾಯಾ ಹಸ್ತಪ್ರತಿಯ 74ನೆಯ ಪುಟದಲ್ಲಿ ಮುದಿ ದೇವಿಯೊಬ್ಬಳಿದ್ದಾಳೆ. ತಲೆಗೆ ಹಾವು ಸುತ್ತಿಕೊಂಡಿದೆ. ಕೈಯಲ್ಲಿ ಮಗುಚಿ ಹಿಡಿದ ಕೊಡದಿಂದ ನೀರು ಧಾರೆಯಾಗಿ ಲೋಕದ ಮೇಲೆ ಸುರಿಯುತ್ತಿದೆ. ವಿದ್ವಾಂಸರು ಇವಳನ್ನು ಚಾಕ್ ಚೆಲ್ ಎನ್ನುತ್ತಾರೆ. ಇಶ್‌ಚೆಲ್‌ಳ ಮುದಿರೂಪ ಇವಳೇ ಎಂದು ಹಲವರ ಅಭಿಪ್ರಾಯ. ನೂಲುವವಳು, ನೇಯುವವಳು, ಸೂಲಗಿತ್ತಿ, ಪ್ರಳಯದ ನೀರು ಸುರಿಯುವವಳು, ಎಲ್ಲವೂ ಒಬ್ಬಳೇ ಅಜ್ಜಿಯ ಸುತ್ತ ಸೇರಿಕೊಂಡಿವೆ.

ಚಿಯಾಪಾಸ್ ಬೆಟ್ಟಸೀಮೆಯ ತ್ಸೊತ್ಸಿಲ್ ಭಾಷೆಯ ಮಾಯಾ ಜನರ ನಂಬಿಕೆ ಇನ್ನೂ ನೇರ. ಅವರ ಪ್ರಕಾರ ಮಳೆಮೋಡ ಹುಟ್ಟುವುದು ಗುಹೆಯಲ್ಲಿ. ಅಲ್ಲಿ ಭೂಮಿಯ ಒಡೆಯನಿರುತ್ತಾನೆ. ಅವನ ಹೆಣ್ಣುಮಕ್ಕಳು ಕೂತು ಹತ್ತಿ ಹಿಂಜುತ್ತಾರೆ. ಹಿಂಜಿದ ಹತ್ತಿಗೆ ಮಿಂಚು ತಾಗಿ ಮೋಡವಾಗುತ್ತದೆ. ಗುಹೆಯ ಬಾಗಿಲಲ್ಲಿ ಕಪ್ಪೆ ಕಾವಲಿರುತ್ತದೆ. ಆ ಕಪ್ಪೆಯನ್ನು, ಹಾವನ್ನು, ಲೋಕದ ನಾಲ್ಕು ಮೂಲೆಗಳ ವಜ್ರಾಕೃತಿಯನ್ನು ಹೆಂಗಸರು ತಮ್ಮ ಕುಪ್ಪಸದಂಥ ಉಡುಪಿನಲ್ಲಿ, ಹುಯಿಪಿಲ್‌ನಲ್ಲಿ, ಇಂದೂ ನೇಯುತ್ತಾರೆ. ಅವರ ಮಗ್ಗದ ಒಂದು ತುದಿ ಮರಕ್ಕೋ ಕಂಬಕ್ಕೋ ಕಟ್ಟಿರುತ್ತದೆ, ಇನ್ನೊಂದು ತುದಿ ನೇಯುವವಳ ಸೊಂಟಕ್ಕೆ. ಅವಳು ಹಿಂದಕ್ಕೆ ಬಾಗಿದರೆ ಹಾಸು ಬಿಗಿಯಾಗುತ್ತದೆ, ಮುಂದಕ್ಕೆ ಬಾಗಿದರೆ ಸಡಿಲಾಗುತ್ತದೆ. ಅದೇ ಬಟ್ಟೆಯನ್ನು ಅವಳೂ ಉಡುತ್ತಾಳೆ, ಊರ ಇಗರ್ಜಿಯ ಸಂತರ ಮೂರ್ತಿಗೂ ಉಡಿಸುತ್ತಾಳೆ.

ಮಯನನ್ನು ಬಿಟ್ಟು ಹತ್ತಿಯನ್ನು ಹಿಡಿಯೋಣ

ಇಷ್ಟು ಹೇಳಿದ ಕೂಡಲೇ ನಮ್ಮಲ್ಲಿ ಒಂದು ಮಾತು ಏಳುತ್ತದೆ: ಮಾಯಾ ಜನ ಮಯಾಸುರನ ಸಂತತಿಯಂತೆ, ಪಾತಾಳಲೋಕವೆಂದರೆ ಅಮೆರಿಕವಂತೆ. ಹೆಸರಿನ ಹೋಲಿಕೆ ಬಿಟ್ಟರೆ ಇದಕ್ಕೆ ಆಧಾರವಿಲ್ಲ. ಹತ್ತಿಯ ಚರಿತ್ರೆ ಬೇರೆಯದೇ ಮಾತು ಹೇಳುತ್ತದೆ, ಅದು ಈ ಕಟ್ಟುಕಥೆಗಿಂತ ಸೊಗಸಾಗಿದೆ. ಲೋಕದಲ್ಲಿ ಬಟ್ಟೆಗೆ ಒದಗಿದ ಹತ್ತಿಯ ಜಾತಿಗಳು ನಾಲ್ಕು. ಎರಡು ಹಳೆಯ ಜಗತ್ತಿನವು. ಧಾರವಾಡದ ಕಪ್ಪು ಮಣ್ಣಿನಲ್ಲಿ ಮಳೆಯಾಧಾರದಲ್ಲಿ ಬೆಳೆಯುವ ಜಯಧರ ಅವುಗಳಲ್ಲಿ ಒಂದಕ್ಕೆ ಸೇರಿದ್ದು. ಉಳಿದೆರಡು ಅಮೆರಿಕದವು. ಅದರಲ್ಲಿ ಒಂದನ್ನು ಬೇಸಾಯಕ್ಕೆ ತಂದವರು ಮೆಕ್ಸಿಕೋ ಭಾಗದ ಜನ. ಅದರ ಕಾಡುಸಸ್ಯ ಯುಕಾತಾನ್ ಕರಾವಳಿಯಲ್ಲಿ ಇಂದಿಗೂ ಇದೆ. ಒಬ್ಬರಿಂದ ಒಬ್ಬರು ಕಲಿಯದೆ ಎರಡು ಖಂಡಗಳ ಜನ ಬೇರೆ ಬೇರೆ ಗಿಡದಿಂದ ನೂಲು ತೆಗೆದರು, ಬೇರೆ ಬೇರೆ ಮಗ್ಗ ಕಟ್ಟಿದರು.

ಎರಡು ಹತ್ತಿಗಳೂ ಕೂಡಿದ್ದು ನಮ್ಮ ಕಣ್ಣಳತೆಯಲ್ಲೇ. 1840ರ ದಶಕದಲ್ಲಿ ಕಂಪನಿ ಸರಕಾರ ಹುಬ್ಬಳ್ಳಿ, ಧಾರವಾಡದ ಹೊಲಗಳಲ್ಲಿ ನ್ಯೂ ಆರ್ಲಿಯನ್ಸ್‌ನಿಂದ ತಂದ ಬೀಜ ಬಿತ್ತಿಸಿತು. ಅದು ಮೂಲತಃ ಮಾಯಾ ಸೀಮೆಯ ಜಾತಿಯ ಹತ್ತಿ. ‘ಧಾರವಾಡ ಅಮೆರಿಕನ್’ ಎಂಬ ಹೆಸರಿನಲ್ಲಿ ಅದು ಇಲ್ಲಿ ನೆಲೆಯೂರಿತು. ಸ್ಥಳೀಯ ಹತ್ತಿ ಕುಮಟಾ ಬಂದರಿನಿಂದ ಹೊರಡುತ್ತಿದ್ದುದರಿಂದ ಲಿವರ್‌ಪೂಲ್ ಪೇಟೆಯಲ್ಲಿ ‘ಕೂಂಪ್ಟಾ’ ಎನಿಸಿಕೊಂಡಿತು. 1861ರಲ್ಲಿ ಅಮೆರಿಕದಲ್ಲಿ ಒಳಯುದ್ಧ ಶುರುವಾಗಿ ಲ್ಯಾಂಕಾಶೈರ್ ಗಿರಣಿಗಳಿಗೆ ಹತ್ತಿ ನಿಂತುಹೋದಾಗ ಇಂಗ್ಲೆಂಡಿನ ಕಣ್ಣು ಬಿದ್ದದ್ದು ಈ ನಮ್ಮ ಊರಿನ ಮೇಲೆ. ಅವರ ಬಾಯಲ್ಲಿ ಇದು ‘ಸೆದಾಶೆಗರ್’. ಪಾರ್ಲಿಮೆಂಟಿನಲ್ಲಿ ಇದರ ಮೇಲೆ ಚರ್ಚೆ ನಡೆಯಿತು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಯಂತ್ರಗಳನ್ನು ಇಲ್ಲಿಗೆ ಕಳಿಸಿತು. ಆದರೆ ಇಳಿಸಿಕೊಳ್ಳಲು ತಕ್ಕ ಧಕ್ಕೆ ಇರಲಿಲ್ಲ, ಘಟ್ಟ ಹತ್ತಿಸಲು ತಕ್ಕ ರಸ್ತೆ ಇರಲಿಲ್ಲ. ಹತ್ತಿ ಬೆಳೆಯುವ ಧಾರವಾಡವೂ ಹತ್ತಿ ಸಾಗಿಸುವ ಬಂದರೂ ಒಂದೇ ಆಡಳಿತದಲ್ಲಿರಲಿ ಎಂಬ ಒತ್ತಾಯದಿಂದ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ನಮ್ಮ ಜಿಲ್ಲೆಯ ಗಡಿಯನ್ನು ಬರೆದದ್ದರಲ್ಲಿ ಹತ್ತಿಯ ಪಾಲು ದೊಡ್ಡದು. 1880ರ ದಶಕದ ಕೊನೆಗೆ ಮರ್ಮಗೋವಾಕ್ಕೆ ರೈಲು ಹೋಯಿತು, ಹತ್ತಿ ಆ ದಾರಿ ಹಿಡಿಯಿತು, ಈ ಊರು ಹತ್ತಿಯ ಬಂದರಾಗುವ ಕನಸು ಅಲ್ಲಿಗೆ ಮುಗಿಯಿತು.

ಹತ್ತಿಯ ಈ ಗಡಿಬಿಡಿಗೂ ಎರಡು ಶತಮಾನ ಮೊದಲೇ ಈ ಅಳಿವೆ ಬಟ್ಟೆಯ ಬಾಗಿಲಾಗಿತ್ತು. 1638ರಲ್ಲಿ ಇಂಗ್ಲಿಷರು ಕಾರವಾರದಲ್ಲಿ ಕೋಠಿ ತೆರೆದರು. 1660ರ ಹೊತ್ತಿಗೆ ಪಶ್ಚಿಮ ಭಾರತದ ಅತಿ ನವುರಾದ ಮಲ್‌ಮಲ್ ಬಟ್ಟೆ ಇಲ್ಲಿಂದ ಹಡಗು ಹತ್ತುತ್ತಿತ್ತು. ಹುಬ್ಬಳ್ಳಿ ಮೊದಲಾದ ಕಡೆ ಅದಕ್ಕಾಗಿ 50,000 ನೇಕಾರರು ದುಡಿಯುತ್ತಿದ್ದರು ಎಂದು 1883ರ ಕೆನರಾ ಗ್ಯಾಸೆಟಿಯರ್ ಬರೆಯುತ್ತದೆ. ಘಟ್ಟದ ಮೇಲಿನ ಮಗ್ಗ, ಘಟ್ಟದ ಕೆಳಗಿನ ನೀರು: ಈ ಸಂಬಂಧ ಹಳೆಯದು.

ತಾವರೆಯ ದಂಟಿನ ನೂಲು

ಆ ನೇಕಾರರ ದೈವ ಯಾವುದು? ನೇಕಾರ ಸಮುದಾಯವಾದ ದೇವಾಂಗರ ಕುಲಪುರಾಣ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ಮೈಮುಚ್ಚಲು ಬಟ್ಟೆಯಿಲ್ಲದ ಲೋಕಕ್ಕೆ ನೇಯ್ಗೆ ಕಲಿಸಲೆಂದು ಶಿವ ದೇವಲ ಮುನಿಯನ್ನು ಹುಟ್ಟಿಸಿದ. ನೂಲು ಎಲ್ಲಿಂದ ತರಬೇಕು? ಕ್ಷೀರಸಾಗರದಲ್ಲಿ ಮಲಗಿರುವ ವಿಷ್ಣುವಿನ ಹೊಕ್ಕುಳ ತಾವರೆಯ ದಂಟಿನಿಂದ. ನೂಲು ಹಿಡಿದು ಮರಳುವಾಗ ರಾಕ್ಷಸರು ಮುತ್ತಿದರು. ಮುನಿಯ ಮೊರೆ ಕೇಳಿ ದೇವಿ ಚೌಡೇಶ್ವರಿ ಬೆಳಕಾಗಿ ಮೂಡಿ ಅವರನ್ನು ಸವರಿದಳು. ಆ ರಾಕ್ಷಸರ ನೆತ್ತರಲ್ಲಿ ನೂಲು ಅದ್ದಿ ಮುನಿ ಐದು ಬಣ್ಣ ಪಡೆದ ಎನ್ನುತ್ತದೆ ಕಥೆ. ಮೊದಲ ನೂಲು ಹುಟ್ಟಿದ್ದು ನೀರಿನ ನಡುವೆ, ಅದರ ಬಣ್ಣ ಬಂದದ್ದು ದೇವಿಯ ಕತ್ತಿಯಿಂದ. ನೂಲು ತೆಗೆಯುವುದು, ಬಣ್ಣ ಅದ್ದುವುದು ಎಂಬ ಕಸುಬಿನ ಎರಡು ಹಂತಗಳು ಪುರಾಣದಲ್ಲಿ ಅದೇ ಕ್ರಮದಲ್ಲಿ ಬಂದಿರುವುದನ್ನು ಗಮನಿಸಿ.

ದೇವಾಂಗರ ಚೌಡೇಶ್ವರಿ ಉತ್ಸವದಲ್ಲಿ ದೇವಿಯನ್ನು ನೀರಿನ ದಡದಿಂದಲೇ ಕರೆತರುವ ಪದ್ಧತಿ ಇದೆ. ಹೊಳೆ, ಕೆರೆ ಅಥವಾ ಬಾವಿಯ ಬಳಿ ಕಲಶ ಹೂಡುತ್ತಾರೆ. ಅಲ್ಲಿಂದ ಗುಡಿಯ ತನಕ ಯುವಕರು ಅಲಗು ಸೇವೆ ಮಾಡುತ್ತ, ಎದೆಗೆ ಕತ್ತಿ ತಾಗಿಸಿಕೊಳ್ಳುತ್ತ, ತಾಯಿಯನ್ನು ಹೆಜ್ಜೆ ಹೆಜ್ಜೆಗೆ ಕರೆಯುತ್ತಾರೆ. ಕೊಯಮತ್ತೂರು, ಸೇಲಂ ಕಡೆಗೆ ಹೋಗಿ ನೆಲೆಸಿದ ಕನ್ನಡ ಮಾತಿನ ದೇವಾಂಗರು ಇದನ್ನು ಇಂದೂ ಬಿಟ್ಟಿಲ್ಲ. ಕೇರಳದ ತ್ರಿಶೂರು ಜಿಲ್ಲೆಯ ಕುತ್ತಂಪುಳ್ಳಿ ಎಂಬ ನೇಕಾರರ ಊರನ್ನು ನೋಡಿ. ಮೈಸೂರು ಸೀಮೆಯಿಂದ ಕೊಚ್ಚಿ ಅರಸರು ಕರೆಸಿಕೊಂಡವರ ವಂಶದವರು ತಾವೆಂದು ಅಲ್ಲಿಯವರು ಹೇಳುತ್ತಾರೆ. ಮನೆಯೊಳಗೆ ಅವರದೇ ಕನ್ನಡ, ಊರ ನಡುವೆ ಚೌಡೇಶ್ವರಿಯ ಗುಡಿ, ಊರ ಪಕ್ಕದಲ್ಲಿ ಗಾಯತ್ರಿ ಹೊಳೆ ಭಾರತಪುಳೆಯನ್ನು ಸೇರುವ ಸಂಗಮ. ಮಾತು, ಮಗ್ಗ, ದೈವ ಮೂರನ್ನೂ ಒಟ್ಟಿಗೇ ಹೊತ್ತು ಹೋದವರು ನೀರಿನ ಬದಿಗೇ ಇಳಿಸಿದ್ದಾರೆ.

ಉತ್ತರ ಕರ್ನಾಟಕದ ಹಲವು ನೇಕಾರರಿಗೆ ಮನೆದೇವರು ಬಾದಾಮಿಯ ಬನಶಂಕರಿ. ದೇವೀ ಭಾಗವತದ ಕಥೆಯಲ್ಲಿ ನೂರು ವರುಷದ ಬರ ಬಿದ್ದಾಗ ಅವಳು ಮೈಯೆಲ್ಲ ಕಣ್ಣಾಗಿ ಅತ್ತು ಹೊಳೆ ಕೆರೆ ತುಂಬಿಸಿದಳು. ಆಮೇಲೆ ಕಾಯಿಪಲ್ಲೆ ಕೊಟ್ಟು ಜನರನ್ನು ಉಳಿಸಿದಳು. ಅವಳ ಗುಡಿಯ ಮುಂದೆ ಕಲ್ಲು ಮಂಟಪಗಳು ಸುತ್ತುವರಿದ ಹರಿದ್ರಾತೀರ್ಥವಿದೆ. ಗುಳೇದಗುಡ್ಡದ ಖಣ, ಇಳಕಲ್ಲಿನ ಸೀರೆ ನೇಯುವವರೆಲ್ಲ ಬನದ ಹುಣ್ಣಿಮೆಗೆ ಅಲ್ಲಿ ಸೇರುತ್ತಾರೆ. ನಮ್ಮ ಇಶ್‌ಚೆಲ್ ಯಾರೆಂದು ಕೇಳಿದರೆ ನಾನು ಇವಳನ್ನೇ ತೋರಿಸುತ್ತೇನೆ: ಮಳೆ ಸುರಿಸಿದವಳೂ ಮಗ್ಗ ಕಾಯುವವಳೂ ಒಬ್ಬಳೇ ತಾಯಿ.

ನಮ್ಮ ತೀರದಲ್ಲಿ

ಘಟ್ಟ ಇಳಿದರೆ ಚೌಡೇಶ್ವರಿ ಚೌಡಿಯಾಗುತ್ತಾಳೆ. ಕೆರೆ ಏರಿಯ ಮೇಲೆ, ಹಳ್ಳದ ಬದಿಯ ಮರದ ಬುಡದಲ್ಲಿ, ಗದ್ದೆಗೆ ನೀರು ಬರುವ ಕಡೆ ಅವಳ ಕಲ್ಲು. ಅವಳಿಗೆ ಕಾಯಿ, ಕೋಳಿ, ಹಸಿರು ಬಳೆ, ಒಂದು ಖಣ. ಶಿರಸಿಯ ಮಾರಿಕಾಂಬೆಯ ಮೂರ್ತಿ ದೇವಿಕೆರೆಯ ನೀರಿನಲ್ಲಿ ಪೆಟ್ಟಿಗೆಯೊಳಗೆ ಸಿಕ್ಕಿತೆಂಬುದು ಐತಿಹ್ಯ. ಇಂದು ಜಾತ್ರೆಯಲ್ಲಿ ಅವಳಿಗೆ ಬರುವ ಹರಕೆಯಲ್ಲಿ ಸೀರೆ, ಉಡಿಯೇ ಹೆಚ್ಚು. ಅಂಕೋಲೆಯ ದಕ್ಷಿಣದ ಗಂಗಾವಳಿಯಲ್ಲಿ ನದಿಯೇ ಮದುಮಗಳು. ಗಂಗಾಷ್ಟಮಿಗೆ ಗೋಕರ್ಣದ ಮಹಾಬಲೇಶ್ವರನೊಡನೆ ನಿಶ್ಚಿತಾರ್ಥ, ದೀಪಾವಳಿಯ ಹೊತ್ತಿಗೆ ಕಡಲ ತೀರದಲ್ಲಿ ಮದುವೆ. ಮದುಮಗಳೆಂದ ಮೇಲೆ ಸೀರೆ ಬೇಡವೇ? ತುಂಬಿದ ಹೊಳೆಗೆ, ಕೆರೆಗೆ ಬಾಗಿನ ಬಿಡುವಾಗ ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಧಾನ್ಯಗಳ ಜೊತೆ ರವಿಕೆ ಖಣ ಇರಲೇಬೇಕು. ಬಾಣಂತಿ ಬಾವಿಗೆ ಗಂಗೆಪೂಜೆ ಮಾಡುವಾಗಲೂ ಇದೇ ಕ್ರಮ. ನೀರನ್ನು ನಾವು ಹೆಣ್ಣಾಗಿ ಕಂಡಿದ್ದೇವೆ, ಹೆಣ್ಣಿಗೆ ತವರಿನವರು ಕೊಡುವುದನ್ನೇ ಕೊಟ್ಟಿದ್ದೇವೆ.

ಹಿಂದೆ ನೀರು ಕೇಳಿದ್ದು ಖಣವನ್ನಷ್ಟೇ ಅಲ್ಲ. ‘ಕೆರೆಗೆ ಹಾರ’ ಕಥನಗೀತೆಯಲ್ಲಿ ಕಲ್ಲನಕೇರಿಯ ಕೆರೆಗೆ ನೀರು ಬರಲೆಂದು ಕಿರಿ ಸೊಸೆ ಭಾಗೀರಥಿಯನ್ನೇ ಕೊಡುತ್ತಾರೆ. ಚಿಚೆನ್ ಇತ್ಸಾದ ಸೆನೋತೆಯಲ್ಲಿ ಎಲುಬುಗಳೂ ಬಟ್ಟೆಯೂ ಒಂದೇ ಕೆಸರಿನಲ್ಲಿ ಸಿಕ್ಕಿದ್ದನ್ನು ನೆನೆದಾಗ, ಜೀವದ ಬದಲಿಗೆ ಜೀವ ಉಟ್ಟ ಬಟ್ಟೆಯನ್ನು ಕೊಟ್ಟು ನೀರನ್ನು ಒಪ್ಪಿಸಿಕೊಳ್ಳುವ ಹೆಜ್ಜೆಯನ್ನು ಮನುಷ್ಯರು ಎಲ್ಲೋ ಇಟ್ಟಿರಬೇಕು ಎಂದು ನನಗೆ ತೋರುತ್ತದೆ. ಇದು ನನ್ನ ಊಹೆ, ಊಹೆಯೆಂದೇ ತೆಗೆದುಕೊಳ್ಳಿ.

ಈ ತೀರದ ನೇಯ್ಗೆ ಎಂದರೆ ಬಲೆ. ಖಾರ್ವಿ, ಹರಿಕಂತ್ರ, ಅಂಬಿಗ, ಗಾಬಿತರ ಮನೆಗಳಲ್ಲಿ ಹತ್ತಿಯ ನೂಲು, ಸೆಣಬುಗಳಿಂದ ಬಲೆ ಹೆಣೆಯುತ್ತಿದ್ದರು. ಕಡಲು ಕೆರಳಿ ದೋಣಿ ದಡದಲ್ಲಿರುವ ಮಳೆಗಾಲ ಅದಕ್ಕೆ ಸಮಯ. ಉಪ್ಪುನೀರಿಗೆ ನೂಲು ಬೇಗ ಕೊಳೆಯದಿರಲೆಂದು ಮರದ ತೊಗಟೆ ಕುದಿಸಿದ ಒಗರು ನೀರಲ್ಲಿ ಬಲೆಯನ್ನು ಅದ್ದಿ ಒಣಗಿಸುತ್ತಿದ್ದರು. ಊರಿಗೆ ಊರೇ ದಡದಲ್ಲಿ ನಿಂತು ಎಳೆಯುವ ರಂಪಣಿ ಬಲೆ ಹಲವರ ಪಾಲುಗಳನ್ನು ಜೋಡಿಸಿ ಕಟ್ಟಿದ್ದು. ಸಿಕ್ಕ ಮೀನೂ ಹಾಗೇ ಪಾಲಾಗುತ್ತಿತ್ತು. ಮಳೆಯ ಬಿರುಸು ತಗ್ಗಿದ ಮೇಲೆ, ಶ್ರಾವಣದ ಹುಣ್ಣಿಮೆಯಂದು, ಕಡಲಿಗೆ ತೆಂಗಿನಕಾಯಿ ಕೊಟ್ಟು ದೋಣಿ ಇಳಿಸುತ್ತಾರೆ. ಅದೇ ಹುಣ್ಣಿಮೆ ಒಳನಾಡಿನಲ್ಲಿ ನೂಲ ಹುಣ್ಣಿಮೆ. ಜನಿವಾರವಿರುವ ದೇವಾಂಗರು ಅಂದು ಹೊಸ ಎಳೆ ಹಾಕಿಕೊಳ್ಳುತ್ತಾರೆ. ಬನಶಂಕರಿಯ ತೇರು ಎಳೆಯುವ ಪುಷ್ಯದ ಹುಣ್ಣಿಮೆಯಂದೇ ಇಲ್ಲಿ ಕೂರ್ಮಗಡ ದ್ವೀಪದ ನರಸಿಂಹನ ಜಾತ್ರೆಗೆ ದೋಣಿಗಳು ಹೊರಡುತ್ತವೆ. 2019ರ ಜನವರಿ 21ರಂದು ಆ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಹಲವರು ಪ್ರಾಣ ಕಳೆದುಕೊಂಡರು. ನೀರಿನ ದೈವಕ್ಕೆ ಅಂಜುವವರನ್ನು ಮೂಢರೆಂದು ನಗುವ ಮುನ್ನ ಈ ತೀರದವರು ನೀರಿನಿಂದ ಏನೇನು ಕಳೆದುಕೊಂಡಿದ್ದಾರೆಂದು ಕೇಳಬೇಕು. ದೋಣಿಗೆ ಎಷ್ಟು ಜನ ಹತ್ತಬೇಕು, ಜೀವರಕ್ಷಕ ಅಂಗಿ ಇದೆಯೇ ಎಂಬ ಎಚ್ಚರ ಆ ಅಂಜಿಕೆಯ ಜೊತೆಗೇ ಇರಬೇಕು.

ನೂಲಿಗೆ ನೀರಿನ ಋಣ

ಈಗ ನನ್ನ ಉತ್ತರಕ್ಕೆ ಬರುತ್ತೇನೆ. ಕುಣಿಮಗ್ಗದಲ್ಲಿ ನೇಕಾರ ನೆಲದ ಕುಣಿಗೆ ಕಾಲಿಳಿಬಿಟ್ಟು ಕೂರುತ್ತಾನೆ. ನೆಲದ ತಂಪಿಗೆ ಹಾಸಿನ ಎಳೆಗಳು ತೇವ ಹಿಡಿಯುತ್ತವೆ. ತೇವವಿದ್ದ ಹತ್ತಿ ನೂಲು ಗಟ್ಟಿ, ಒಣಗಿದರೆ ಪಟಪಟನೆ ಹರಿಯುತ್ತದೆ. ಹಾಸಿಗೆ ಗಂಜಿ ಹಾಕುವುದು ನೀರಿನ ಕೆಲಸ. ಕೆಲವೆಡೆ ಹೊಕ್ಕಿನ ಕಂಡಿಕೆಯನ್ನೂ ನೀರಲ್ಲಿ ನೆನೆಸಿಯೇ ಲಾಳಿಗೆ ಹಾಕುತ್ತಾರೆ. ನೀಲಿ, ಕೆಂಪು ಯಾವ ಬಣ್ಣವೇ ಆಗಲಿ, ಅದ್ದಲು ನೀರು, ತೊಳೆಯಲು ಮತ್ತಷ್ಟು ನೀರು. ನೀರಿನ ಗುಣ ಬದಲಾದರೆ ಬಣ್ಣದ ಗುಣವೂ ಬದಲಾಗುತ್ತದೆ. ಅದಕ್ಕೂ ಹಿಂದೆ ಹೋದರೆ, ಮಳೆ ತಪ್ಪಿದ ವರುಷ ಹತ್ತಿಯೇ ಇಲ್ಲ. ಬೀಜದಿಂದ ಸೆರಗಿನ ತನಕ ಮತ್ತೆ ಮತ್ತೆ ನೀರು ಬೇಕು. ಚಿಯಾಪಾಸಿನ ಅಜ್ಜಿ ಹತ್ತಿಯೇ ಮೋಡವಾಗುತ್ತದೆ ಎಂದಾಗ, ನಮ್ಮ ಪುರಾಣಿಕ ನೂಲು ಸಾಗರದ ತಾವರೆಯಿಂದ ಬಂತು ಎಂದಾಗ, ಇಬ್ಬರೂ ಹೇಳಿದ್ದು ತಮ್ಮ ಕಸುಬಿನ ಸತ್ಯವನ್ನು. ಸಂಪರ್ಕವಿಲ್ಲದ ಎರಡು ನಾಡುಗಳು ಒಂದೇ ಮಾತಿಗೆ ಬಂದುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಾಗಿಲ್ಲ.

ಈ ನಂಬಿಕೆಯೊಳಗೆ ಒಂದು ಲೆಕ್ಕಾಚಾರವೂ ಇತ್ತು. ನೀರಿಗೆ ಕೊಟ್ಟದ್ದನ್ನು ನೀರು ಅರಗಿಸಿಕೊಳ್ಳುತ್ತಿತ್ತು. ಹತ್ತಿಯ ಖಣ, ಬಿದಿರಿನ ಮೊರ, ತೆಂಗಿನಕಾಯಿ, ಧಾನ್ಯ ಎಲ್ಲವೂ ಕೊಳೆತು ಮೀನಿಗೋ ಮಣ್ಣಿಗೋ ಸೇರುತ್ತಿದ್ದವು. ಹರಿದ ಹತ್ತಿ ಬಲೆಯೂ ಅಷ್ಟೇ. ಇಂದು ಬಲೆ ನೈಲಾನಿನದು, ಉಡಿಯ ಖಣ ಪಾಲಿಯೆಸ್ಟರಿನದು, ಅದನ್ನು ಸುತ್ತಿರುವುದು ಪ್ಲಾಸ್ಟಿಕ್ ಚೀಲ. ಸೇತುವೆಯ ಮೇಲೆ ವಾಹನ ನಿಧಾನಿಸಿ, ಕೈಮುಗಿದು, ಇಡೀ ಗಂಟನ್ನೇ ಹೊಳೆಗೆ ಎಸೆದು ಹೋಗುವವರಿದ್ದಾರೆ. ಭಕ್ತಿ ಹಳೆಯದೇ, ಬಟ್ಟೆ ಬದಲಾಗಿದೆ. ನೀರಿನಲ್ಲಿ ಕಳಚಿಹೋದ ನೈಲಾನ್ ಬಲೆ ಮೀನುಗಾರನಿಲ್ಲದೆಯೂ ವರುಷಗಟ್ಟಲೆ ಮೀನು, ಆಮೆಗಳನ್ನು ಹಿಡಿದು ಕೊಲ್ಲುತ್ತಲೇ ಇರುತ್ತದೆ. ಪಾಲಿಯೆಸ್ಟರ್ ಖಣ ಕಾಂಡ್ಲಾ ಗಿಡಗಳ ಬೇರಿಗೆ ಸುತ್ತಿಕೊಂಡು ನಿಲ್ಲುತ್ತದೆ. ಇದು ದೈವಕ್ಕೂ ಅಪಚಾರ, ನೇಕಾರನಿಗೂ ನಷ್ಟ. ಗಂಗೆಗೆಂದು ಕೊಳ್ಳುವ ಖಣ ಗುಳೇದಗುಡ್ಡದ ಮಗ್ಗದಿಂದ ಬಂದಿದ್ದರೆ ಬನಶಂಕರಿಯ ಒಕ್ಕಲಿಗೆ ಅಷ್ಟು ಕೂಲಿ ಸಿಗುತ್ತಿತ್ತು.

ಕೇಳುಗರಲ್ಲಿ ನನ್ನ ಕೋರಿಕೆ ಮೂರು. ಒಂದು, ಬಾಗಿನಕ್ಕೆ, ಉಡಿಗೆ, ಚೌಡಿಗೆ ಕೊಡುವ ಬಟ್ಟೆ ಕೈಮಗ್ಗದ್ದಾಗಿರಲಿ. ಒಂದು ಖಣ ಸಾಕು, ಅದು ಸಾಚಾ ಇರಲಿ. ಎರಡು, ಅದನ್ನು ನೀರಿಗೆ ತೋರಿಸಿ, ಮುಟ್ಟಿಸಿ, ಮರಳಿ ತಂದು ಪ್ರಸಾದವೆಂದು ಮನೆಯ ಹೆಣ್ಣುಮಕ್ಕಳಿಗೆ ಉಡಿಸಿ. ದೇವಿಗೆ ಉಡಿಸಿದ ಸೀರೆಯನ್ನು ಭಕ್ತರಿಗೆ ಕೊಡುವ ರೂಢಿ ನಮ್ಮ ಗುಡಿಗಳಲ್ಲಿ ಇದ್ದೇ ಇದೆ, ಹೊಳೆಗೆ ಅದು ಸಲ್ಲದೆಂದು ಯಾವ ಶಾಸ್ತ್ರವೂ ಹೇಳಿದ್ದು ನನಗೆ ತಿಳಿದಿಲ್ಲ. ಮೂರು, ಶ್ರಾವಣದ ಆ ಹುಣ್ಣಿಮೆಗೆ, ನಾರಳಿ ಹುಣ್ಣಿಮೆಗೆ, ಕಡಲಿಗೆ ಕಾಯಿ ಒಪ್ಪಿಸುವ ಮೊದಲು ಊರವರೆಲ್ಲ ಸೇರಿ ಹರಿದ ನೈಲಾನ್ ಬಲೆಗಳನ್ನು ದಡದಿಂದ ಎತ್ತಿ ಒಂದೆಡೆ ಕೂಡಿಹಾಕಲಿ; ಮೀನುಗಾರರ ಸಹಕಾರ ಸಂಘಗಳು ಮತ್ತು ಗ್ರಾಮ ಪಂಚಾಯಿತಿಗಳು ಅದರ ವಿಲೇವಾರಿಯ ಹೊಣೆ ಹೊರಲಿ. ಸದಾಶಿವಗಡದವರು ಬರುವ ಶ್ರಾವಣದಲ್ಲೇ ಇದನ್ನು ಶುರು ಮಾಡಬಹುದು. ಹಾಗೆ ಮಾಡಿದರೆ ಈ ದತ್ತಿಯ ಹಣ ಒಂದು ಉಪನ್ಯಾಸಕ್ಕಿಂತ ಹೆಚ್ಚಿನ ಕೆಲಸ ಮಾಡಿದಂತಾಗುತ್ತದೆ.